ಡಿಸೆಂಬರಿನ ಚಳಿಗೆ ‘ಮಾಗಿ’ ಅನ್ನಬಹುದೋ ಬಾರದೋ?

ಪ್ರಶ್ನೆ (ಮೂಡಿಗೆರೆಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ. ಮೂರು ದಿನದಿಂದ ನಮ್ಮ ಮನೆಯಲ್ಲಿ ಒಂದು ಮಾತಿನ ತಕರಾರು ಬಗೆಹರಿಯದೆ ಕೂತಿದೆ. ಕನ್ನಡ ಬಲ್ಲವರೂ ಬೇಸಾಯ ಬಲ್ಲವರೂ ಇಲ್ಲಿ ಇದ್ದೀರಿ ಅಂತ ಕೇಳ್ತಿದ್ದೀನಿ.

ಮೊನ್ನೆ ರಾತ್ರಿ ಮಳೆ ಬಂತು. ಡಿಸೆಂಬರ್ ಮೂರನೇ ವಾರ, ಅರೇಬಿಕಾ ಕೊಯ್ಲು ಅರ್ಧದಲ್ಲಿದೆ, ಕಣದ ತುಂಬ ಹಣ್ಣು ಹರವಿದೆ. ಹಗಲೆಲ್ಲ ನೆತ್ತಿ ಸುಡೋ ಬಿಸಿಲು, ಸಂಜೆ ಸ್ವೆಟರ್ ಹುಡುಕೋ ಅಷ್ಟು ಚಳಿ, ಊಟಕ್ಕೆ ಕೂತ ಹೊತ್ತಿಗೆ ಹೆಂಚಿನ ಮೇಲೆ ಪಟಪಟ. ಎಂಜಲು ಕೈಯಲ್ಲೇ ಎದ್ದು ಓಡಿದ್ವಿ. ನಾನು, ಯಜಮಾನರು, ಮಗ ಮೂವರೂ ಸೇರಿ ಹಣ್ಣು ಗುಡ್ಡೆಗೆ ಎಳೆದು ಟಾರ್ಪಾಲ್ ಮುಚ್ಚೋ ಅಷ್ಟರಲ್ಲಿ ಒಂದು ಮೂಲೆ ನೆನೆದೇ ಹೋಯ್ತು. ಆ ಮೂಲೆಯಲ್ಲಿದ್ದದ್ದು 12 ದಿನ ಒಣಗಿದ ಹಣ್ಣು. ಹಿಂದಿನ ದಿನ ಒಂದು ಹಿಡಿ ತಗೊಂಡು ಕಿವಿ ಹತ್ತಿರ ಅಲ್ಲಾಡಿಸಿದ್ರೆ ಒಳಗೆ ಬೀಜ ಗಲಗಲ ಅಂತಿತ್ತು. ಬೆಳಿಗ್ಗೆ ಮುಟ್ಟಿ ನೋಡಿದ್ರೆ ಸಿಪ್ಪೆ ಮತ್ತೆ ಮೆತ್ತಗಾಗಿದೆ, ಸದ್ದಿಲ್ಲ. ಎರಡು ದಿನ ಬಿಸಿಲು ಕಾಣದಿದ್ರೆ ಬೂಸ್ಟು ಬಂದ ಹಾಗೇ.

ಬೆಳಿಗ್ಗೆ ಐದೂವರೆಗೆ ಊರಿನ ವಾಟ್ಸಾಪ್ ಗುಂಪಿಗೆ ಹೀಗೆ ಹಾಕಿದೆ: “ಮಾಗಿ ಚಳಿಯಲ್ಲಿ ಅಕಾಲಿಕ ಮಳೆ. ರಾತ್ರಿ 40 ಸೆಂಟ್. ಈಗ ಹಿಮ ಬೀಳ್ತಿದೆ, ಕಣದ ಟಾರ್ಪಾಲ್ ಯಾರೂ ತೆಗೀಬೇಡಿ.”

ನಮ್ಮ ದೊಡ್ಡಪ್ಪ ಹೈಸ್ಕೂಲಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ಎರಡು ಮನೆ ಆಚೆ ಇದ್ದಾರೆ. ಆರು ಗಂಟೆಗೆ ಮಫ್ಲರ್ ಸುತ್ಕೊಂಡು ಬಂದ್ರು. ಕಾಫಿ ಕೊಟ್ಟೆ. ಲೋಟ ಕೆಳಗಿಡೋ ಮೊದಲೇ “ಏನಮ್ಮಾ, ಮೂರು ಸಾಲಿಗೆ ನಾಲ್ಕು ತಪ್ಪು” ಅಂದ್ರು.

ಮೊದಲು ಹಿಮಕ್ಕೆ ಕೈ ಹಾಕಿದ್ರು. “ಹಿಮ ಬೀಳೋದಕ್ಕೆ ಇದೇನು ಕಾಶ್ಮೀರವೇ? ಹುಲ್ಲಿನ ಮೇಲೆ ಕೂರೋದು ಇಬ್ಬನಿ. ಹೇಮಾವತಿ ಕಡೆಯಿಂದ ಎದ್ದು ಬಂದು ಎದುರಿನ ಸಿಲ್ವರ್ ಮರ ಕಾಣದ ಹಾಗೆ ಮುಚ್ಚೋದು ಮಂಜು. ನೀನು ಹೇಳಿದ್ದು ಯಾವುದನ್ನ?” ಇದು ನನಗೆ ನಾಟಿತು, ಯಾಕಂದ್ರೆ ಕೆಲಸವೇ ಬೇರೆಯಾಗುತ್ತೆ. ಬರೀ ಇಬ್ಬನಿಯಾದ್ರೆ ಎಂಟು ಗಂಟೆ ಬಿಸಿಲಿಗೆ ಟಾರ್ಪಾಲ್ ಮೇಲಿನ ನೀರು ಜಾಡಿಸಿ ಬಿಚ್ಚಬಹುದು. ಮಂಜು ಕೂತ್ರೆ ಹತ್ತು ಗಂಟೆವರೆಗೂ ಕಾಯಬೇಕು, ಅವಸರಪಟ್ಟು ಬಿಚ್ಚಿದ್ರೆ ಒಣಗಿದ ಹಣ್ಣು ಗಾಳಿಯ ತೇವ ಹೀರುತ್ತೆ. ಆದ್ರೆ ನಮ್ಮಜ್ಜಿ ಎರಡಕ್ಕೂ ಹಿಮ ಅಂತಲೇ ಅಂತಿದ್ರು. “ಹಿಮ ಬೀಳ್ತಿದೆ, ತಲೆಗೆ ಬಟ್ಟೆ ಕಟ್ಕೋ” ಅನ್ನೋದು ನನ್ನ ಕಿವೀಲಿ ಇನ್ನೂ ಇದೆ.

ಆಮೇಲೆ ಸೆಂಟ್. ಗುಂಪಲ್ಲಿ ಪೇಟೆ ಸೇರಿದ ಮಕ್ಕಳೂ ಇದ್ದಾರೆ, ಅವರಿಗೆ ಸೆಂಟ್ ಅಂದ್ರೆ ಜಾಗದ ಅಳತೆ ಅಂತ ದೊಡ್ಡಪ್ಪನ ವಾದ. ಇದಕ್ಕೆ ನಾನು ಬಗ್ಗಲಿಲ್ಲ. ತೋಟದ ಸೀಮೆಯಲ್ಲಿ ಮಳೆ ಲೆಕ್ಕ ಇಂಚು, ಸೆಂಟಲ್ಲೇ. 100 ಸೆಂಟಿಗೆ ಒಂದು ಇಂಚು, 40 ಸೆಂಟ್ ಅಂದ್ರೆ 10 ಮಿಲಿಮೀಟರ್ ಹತ್ತಿರ. ಅಪ್ಪನ ಮಳೆ ಡೈರಿ ಪೂರ್ತಿ ಹಾಗೇ ಇದೆ, ನಾನೂ ಹಾಗೇ ಬರೀತೀನಿ.

ಅಕಾಲಿಕ ಅನ್ನೋದಕ್ಕೆ ಅವರ ಮಾತು: “ಅಕ್ಟೋಬರಿಂದ ಡಿಸೆಂಬರ್ ಕೊನೆವರೆಗೂ ಹಿಂಗಾರು. ಹಿಂಗಾರಲ್ಲಿ ಬಂದ ಮಳೆ ಅಕಾಲಿಕ ಹೇಗಾದೀತು? ನಿನ್ನ ಹಣ್ಣು ಕಣದಲ್ಲಿತ್ತು ಅಂತ ಮಳೆ ಕಾಲ ತಪ್ಪಿತೇ?”

ನಿಜವಾದ ಜಗಳ ನಾಲ್ಕನೆಯದರಲ್ಲಿ. ಮಾಗಿ ಅಂದ್ರೆ ಮಾಘ. ಈಗ ನಡೀತಿರೋದು ಮಾರ್ಗಶಿರ, ನಡುವೆ ಪುಷ್ಯ ಪೂರ್ತಿ ಬಾಕಿ. ಇದು ಹೇಮಂತ ಋತು, ಮಾಘ ಬರೋದು ಶಿಶಿರದಲ್ಲಿ. ಆದ್ದರಿಂದ ಡಿಸೆಂಬರಿನ ಚಳಿ ಮಾಗಿ ಚಳಿ ಅಲ್ಲ ಅಂತ ಅವರ ತೀರ್ಪು.

ನನಗೆ ಇದನ್ನ ಬಿಟ್ಟುಕೊಡೋಕೆ ಮನಸ್ಸಿಲ್ಲ. ಹೇಮಂತ ಅನ್ನೋ ಮಾತನ್ನ ನಮ್ಮ ಅಡುಗೆಮನೆಯಲ್ಲಿ ಯಾರೂ ಆಡಿದ್ದು ನಾನು ಕೇಳಿಲ್ಲ. ಅಜ್ಜಿಗೆ ಪಂಚಾಂಗ ಬೇಕಿರಲಿಲ್ಲ. ಕೊಬ್ಬರಿ ಎಣ್ಣೆ ಬಾಟಲಿ ಬೋರಲು ಹಾಕಿದ್ರೂ ಎಣ್ಣೆ ಇಳೀದೇ ಇದ್ದ ಬೆಳಿಗ್ಗೆ “ಮಾಗಿ ಬಂತು” ಅಂತಿದ್ರು. ಬಾಟಲಿಯನ್ನ ಬಚ್ಚಲ ಒಲೆ ಪಕ್ಕ ಇಟ್ಟು, ಕರಗಿದ ಎಣ್ಣೆಯನ್ನ ಒಡೆದ ನಮ್ಮ ತುಟಿಗೆ, ಹಿಮ್ಮಡಿಗೆ ಹಚ್ಚೋರು. ಅದು ಯಾವಾಗಲೂ ನವೆಂಬರ್, ಡಿಸೆಂಬರಲ್ಲಿ ಬರೋ ಹುತ್ತರಿ ಹಬ್ಬದ ಆಸುಪಾಸೇ ಹೊರತು ಮಾಘದಲ್ಲಲ್ಲ.

ದಯವಿಟ್ಟು ಹೇಳಿ, ನಿಮ್ಮ ಕಡೆ ಮಾಗಿ ಯಾವಾಗ ಶುರು? ಈ ಹೊತ್ತಲ್ಲದ ಹೊತ್ತಿನ ಮಳೆಗೆ, ಬೆಳಗಿನ ಹೊಗೆಯಂಥ ಮಂಜಿಗೆ ಏನಂತೀರಿ?

ಉತ್ತರ 1 (ಧಾರವಾಡದಿಂದ)

ಅಕ್ಕಾರ, ನಿಮ್ಮ ದೊಡ್ಡಪ್ಪಾರು ನಮ್ಮ ಕಡೆ ಬಂದ್ರ ಅವರಿಗೆ ಇನ್ನೊಂದು ಶಬ್ದಾ ಸಿಗತೈತಿ, ಥಂಡಿ. ನಮ್ಮವ್ವ ಹೊರಗಿನ ಗಾಳಿಗೆ ಥಂಡಿ ಅಂತಾಳ. ಮೈಯಾಗ ನಡುಕ ಹುಟ್ಟಿದ್ರ ಮಾತ್ರ ಚಳಿ. “ಥಂಡಿ ಭಾಳ ಐತಿ, ಹೊಚ್ಕೊ, ಚಳಿ ಬಂದೀತು” ಅಂತ ಎರಡನ್ನೂ ಒಂದ ಮಾತಿನ್ಯಾಗ ಅಂತಾಳ.

ಹಿಂಗಾರು ನಮಗ ಬರೇ ಮಳಿ ಹೆಸರಲ್ರಿ, ಬೆಳಿ ಹೆಸರು. ಹಿಂಗಾರಿ ಜೋಳ, ಕಡ್ಲಿ, ಕುಸುಬಿ. ಒಮ್ಮೆ ನಾಟಿದ ಮ್ಯಾಲೆ ಎರಿ ಭೂಮಿಯೊಳಗಿನ ಹಸಿ ಮತ್ತ ನಸುಕಿನ ಇಬ್ಬನಿ ಮ್ಯಾಲೆ ಬೆಳಿತಾವ. ಕಡ್ಲಿ ಹೊಲದಾಗ ಏನ ಮಾಡತಾರ ಗೊತ್ತೇನ್ರಿ? ಬಿಳಿ ಅರಿವಿ ತೊಗೊಂಡು ಗಿಡದ ಮ್ಯಾಲೆ ಹಾಸತಾರ. ಎಲಿಯ ಹುಳಿ ಇಬ್ಬನಿಯಾಗ ಇಳದು ಅರಿವಿ ತೋಯತೈತಿ. ಬೆಳಕಹರಿಯೂದ್ರಾಗ ಹಿಂಡಿ ಬಾಟ್ಲಿ ತುಂಬತಾರ. ಹೊಟ್ಟಿ ಕಡದ್ರ ನಮ್ಮನಿಯಾಗ ಈಗೂ ಅದ ಕಡ್ಲಿ ಹುಳಿ ಎರಡ ಹನಿ. ಸಣ್ಣವ ಇದ್ದಾಗ ನಾ ಆ ಹೊಲದಾಗ ಬರಿಗಾಲಲೆ ಓಡ್ಯಾಡಿ ಕಾಲು ಉರಿ ಎದ್ದು ಅತ್ತಿದ್ದೆ. ಇಬ್ಬನಿಗೆ ಇಬ್ಬನಿ ಅಂತನ ಅನಬೇಕು, ದೊಡ್ಡಪ್ಪಾರ ಮಾತು ಖರೆ ಐತಿ.

ಆದ್ರ ಡಿಸೆಂಬರದಾಗ ಮೋಡ ಕವದ್ರ ನಮಗೂ ಎದಿ ಒಡಿತೈತ್ರಿ. ತೊಗರಿ ಹೂವು ಉದರತಾವ, ಕಾಯಿಕೊರಕ ಹುಳ ಏಳತೈತಿ. ಪಂಚಾಂಗದ ಪ್ರಕಾರ ಅದು ಕಾಲದ ಮಳಿ ಇರಬಹುದು, ಬೆಳಿ ಪ್ರಕಾರ ಅಲ್ಲ.

ಉತ್ತರ 2 (ಗುಂಡ್ಲುಪೇಟೆಯಿಂದ)

ಮೇಡಂ, ಹಿಮದ ವಿಷಯದಲ್ಲಿ ನಾನು ನಿಮ್ಮಜ್ಜಿ ಪರ. ನಮ್ಮ ತಾಲ್ಲೂಕಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಒಮ್ಮೆ ದೊಡ್ಡಪ್ಪನವರನ್ನ ಕರ್ಕೊಂಡು ಬನ್ನಿ. 1,454 ಮೀಟರ್ ಎತ್ತರ. ಕಾಶ್ಮೀರದ ಹಿಮ ಅಲ್ಲಿ ಯಾವತ್ತೂ ಬಿದ್ದಿಲ್ಲ. ವರ್ಷದ ಬಹುಪಾಲು ಮಂಜು ಮುಸುಕಿರುತ್ತೆ, ಅದಕ್ಕೇ ಸ್ವಾಮಿಗೆ ಆ ಹೆಸರು. ಇಡೀ ಬೆಟ್ಟವನ್ನೇ ಆ ಮಾತಿಂದ ಕರೀತಿರುವಾಗ ಕಣದ ಮೇಲೆ ಬಿದ್ದದ್ದಕ್ಕೆ ಯಾಕೆ ಅನ್ನಬಾರದು?

ಮಾಗಿಗೂ ಒಂದು ಸಾಕ್ಷಿ ಕೊಡ್ತೀನಿ. ಮಾಗಿ ಉಳುಮೆ. ಫಸಲು ಕುಯ್ದ ಮೇಲೆ ನೆಲದಲ್ಲಿ ಇನ್ನೂ ಹಸಿ ಇರುವಾಗಲೇ ಉಳೋದು ಅದು. ಮಣ್ಣೊಳಗೆ ಅವಿತ ಹುಳದ ಕೋಶಗಳು ಮೇಲೆ ಬಂದು ಬಿಸಿಲಿಗೆ, ಹಕ್ಕಿಗೆ ಸಿಗ್ತವೆ, ಕಳೆ ಬೇರು ಒಣಗುತ್ತೆ, ಮುಂದೆ ಬಂದ ಮಳೆ ನೆಲಕ್ಕೆ ಇಳಿಯುತ್ತೆ. ನಮ್ಮ ಅಪ್ಪ ಇದಕ್ಕೆ ಮಾಘ ಮಾಸ ಹುಟ್ಟಲಿ ಅಂತ ಕಾದವರಲ್ಲ. ಕಾದ್ರೆ ನೆಲ ಗಟ್ಟಿಯಾಗಿ ನೇಗಿಲೇ ಇಳೀತಿರಲಿಲ್ಲ. ಮಾತು ಹುಟ್ಟಿದ್ದು ಮಾಘದಿಂದ ಇರಬಹುದು, ಬೇಸಾಯಗಾರನ ಬಾಯಲ್ಲಿ ಅದು ಇಡೀ ಚಳಿಗಾಲ. ಮಾಗಿಯ ಕೋಗಿಲೆ ಅಂತ ಹಳಬರು ಅಂತಾರಲ್ಲ, ಚಳಿಯಲ್ಲಿ ದನಿಯೆತ್ತದ ಕೋಗಿಲೆ, ಅದೇನು ಮಾಘ ಒಂದೇ ತಿಂಗಳು ಸುಮ್ಮನಿರುತ್ತಾ?

ಉತ್ತರ 3 (ಬೆಂಗಳೂರಿನಿಂದ)

ದೊಡ್ಡಪ್ಪನವರಿಗೆ ಇನ್ನೊಂದು ಆಧಾರ ಇದೆ, ಅವರ ಪರವಾಗಿ ನಾನೇ ಹೇಳಿಬಿಡ್ತೀನಿ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಚಳಿಗಾಲ ಅಂದ್ರೆ ಜನವರಿ, ಫೆಬ್ರವರಿ ಮಾತ್ರ. ಅಕ್ಟೋಬರಿಂದ ಡಿಸೆಂಬರ್ ಮುಂಗಾರಿನ ನಂತರದ ಕಾಲ. ಬೆಂಗಳೂರಿನ ದಾಖಲೆಯ ಚಳಿ 7.8 ಡಿಗ್ರಿ, ಅದೂ 1884ರ ಜನವರಿ 13ರಂದು.

ಆದ್ರೆ ಡಿಸೆಂಬರಿನ ಮಳೆಚಳಿಯ ರೀತಿ ಬೇರೆ. 2022ರ ಡಿಸೆಂಬರ್ 9ರ ರಾತ್ರಿ ಮ್ಯಾಂಡಸ್ ಚಂಡಮಾರುತ ಮಾಮಲ್ಲಪುರದ ಹತ್ತಿರ ದಡ ಹತ್ತಿತು. ಇಲ್ಲಿ ನಮಗೆ ಜಿಟಿಜಿಟಿ ಮಳೆ, ಬಿಸಿಲಿನ ಸುಳಿವಿಲ್ಲ. ಥರ್ಮಾಮೀಟರ್ ನೋಡಿದ್ರೆ ರಾತ್ರಿ ಅಂಥ ಚಳಿಯೇನೂ ಇರಲಿಲ್ಲ, ಮೋಡ ಕಂಬಳಿಯ ಹಾಗೆ ನೆಲದ ಬಿಸಿ ಹೊರಗೆ ಹೋಗೋಕೆ ಬಿಡಲ್ಲ. ಹಗಲಿಗೂ ರಾತ್ರಿಗೂ ವ್ಯತ್ಯಾಸವೇ ಇಲ್ಲದ್ದರಿಂದ ಮೈ ಮರಗಟ್ಟಿತು. ಮಾಗಿ ಚಳಿ ಇದಕ್ಕೆ ತದ್ವಿರುದ್ಧ: ನಕ್ಷತ್ರ ಎಣಿಸುವಷ್ಟು ಶುಭ್ರ ಆಕಾಶ, ನಸುಕಿನಲ್ಲಿ ಕೊರೆತ, ಒಂಬತ್ತಕ್ಕೆ ಹಿತವಾದ ಬಿಸಿಲು. ಆ ಲೆಕ್ಕದಲ್ಲಿ ಮೇಡಂ, ಮಳೆ ಬಂದ ರಾತ್ರಿಗೆ “ಮಾಗಿ ಚಳಿಯಲ್ಲಿ ಮಳೆ” ಅನ್ನೋದು ಸ್ವಲ್ಪ ಕಷ್ಟ. ಮಳೆ ಬಂದಾಗ ಮಾಗಿ ಪಕ್ಕಕ್ಕೆ ಸರಿದು ನಿಂತಿರುತ್ತೆ. ಮಳೆ ಹೋದ ಮೇಲೆ ನೆಲ ಒದ್ದೆ, ಆಕಾಶ ತಿಳಿ, ಅದಕ್ಕೇ ಬೆಳಿಗ್ಗೆ ನಿಮಗೆ ಅಷ್ಟು ಮಂಜು ಕಂಡಿದ್ದು.

ನಮ್ಮ ಮನೆಯಲ್ಲಿ ಮಾಗಿಗೆ ಗುರುತು ಅವರೆಕಾಯಿ. ಚೆನ್ನಾಗಿ ಇಬ್ಬನಿ ಬಿದ್ದ ಕಾಯಿಗೆ ಕೈಗಂಟುವ ಸೊಗಡು. ಮೋಡ ಮುಚ್ಚಿದ ವಾರದ ಕಾಯಿ ತಂದ್ರೆ ಅಮ್ಮ ಮೂಸಿ ನೋಡಿ ಚೀಲ ಪಕ್ಕಕ್ಕಿಡ್ತಾರೆ.

ಉತ್ತರ 4 (ಪುತ್ತೂರಿನಿಂದ)

ನಮ್ಮಲ್ಲಿ ಮಾಗಿಯೂ ಇಲ್ಲ ಹೇಮಂತವೂ ಇಲ್ಲ ಮಾರಾಯ್ರೆ. ತುಳುವಿನಲ್ಲಿ ಮಾಯಿ ಅಂತ ತಿಂಗಳುಂಟು, ಹೆಸರು ಕೇಳಿದರೆ ಮಾಘದ ಹಾಗೇ. ಆದರೆ ಅದು ಶುರುವಾಗುವುದು ಫೆಬ್ರವರಿ ನಡುವಿನಲ್ಲಿ, ಆಗ ನಮಗೆ ಸೆಕೆ ಶುರು! ಚಳಿ ಇರುವುದು ಡಿಸೆಂಬರ್, ಜನವರಿಯ ಬೆಳಗಿನ ಜಾವಕ್ಕೆ ಮಾತ್ರ.

ನಿಮ್ಮ ಕಣದ ಸಂಕಟ ನಮಗೆ ಅಂಗಳದಲ್ಲಿ. ಚಾಲಿ ಅಡಿಕೆ ಒಣಗಲು 40 ದಿನದ ಬಿಸಿಲು ಬೇಕು. ನಡುವಿನಲ್ಲಿ ಒಂದು ಮಳೆ ಬಂದರೆ ಅಡಿಕೆಯ ಬಣ್ಣ ಹೋಯಿತು. ಆ ಮಳೆಗೆ ನಮ್ಮ ಅತ್ತೆ ಹೆಸರೇ ಇಡುವುದಿಲ್ಲ. “ಬಂತು ನೋಡು” ಎಂದರೆ ಮನೆಯಲ್ಲಿ ಎಲ್ಲರೂ ಅಂಗಳಕ್ಕೆ ಓಡುವುದು.

ಪ್ರಶ್ನೆ ಕೇಳಿದವಳ ಮಾತು

ಎಲ್ಲರಿಗೂ ತುಂಬ ಥ್ಯಾಂಕ್ಸ್. ನಿನ್ನೆ ಸಂಜೆ ಜಗಲಿಯಲ್ಲಿ ಕೂತು ಒಂದೊಂದನ್ನೂ ದೊಡ್ಡಪ್ಪನಿಗೆ ಗಟ್ಟಿಯಾಗಿ ಓದಿದೆ. ಕಡ್ಲಿ ಹುಳಿಯ ಭಾಗ ಇನ್ನೊಮ್ಮೆ ಓದು ಅಂದ್ರು. ಅವರಿಗೆ ಅದು ಗೊತ್ತಿರಲಿಲ್ಲ, ಅರಿವಿ ಯಾವ ಬಟ್ಟೆ, ಎಷ್ಟು ಹೊತ್ತಿಗೆ ಹಾಸ್ತಾರೆ ಅಂತೆಲ್ಲ ನನ್ನನ್ನೇ ಕೇಳಿದ್ರು. ಧಾರವಾಡದವರು ದಯವಿಟ್ಟು ಅದನ್ನ ವಿವರವಾಗಿ ಬರೀರಿ.

ಹಿಮಕ್ಕೆ ಒಪ್ಪಿದ್ರು, “ಬೆಟ್ಟದ ಸಾಕ್ಷಿ ಬಂದ ಮೇಲೆ ನಾನೇನು ಹೇಳಲಿ” ಅಂದ್ರು. ಆದ್ರೆ ಕಣದ ವಿಷಯಕ್ಕೆ ಇಬ್ಬನಿ, ಮಂಜು ಅಂತ ಬಿಡಿಸಿಯೇ ಬರೀತೀನಿ ಅಂತ ನಾನು ಮಾತು ಕೊಟ್ಟಿದ್ದೀನಿ. ಅಕಾಲಿಕ ಅನ್ನೋದನ್ನ ಡಿಸೆಂಬರ್ 31ರವರೆಗೆ ಬಳಸಲ್ಲ. ಜನವರಿಯಲ್ಲಿ ಬಂದ್ರೆ ಬರೀತೀನಿ, ಅದಕ್ಕೆ ಅವರದೂ ಒಪ್ಪಿಗೆ ಇದೆ. ಅದು ಬರದಿರಲಿ ಅಂತ ಇಬ್ಬರೂ ಕೈ ಮುಗಿದ್ವಿ. ಈಗ ಬಿದ್ದ 40 ಸೆಂಟಿಗೇ ಕೆಲವು ಗಿಡದಲ್ಲಿ ಮೊಗ್ಗು ಉಬ್ಬಿದೆ. ಮಳೆಯಾಗಿ ಎಂಟು ಹತ್ತು ದಿನಕ್ಕೆ ಹೂ ಬಿರಿಯುತ್ತೆ. ಒಂದೇ ರೆಕ್ಕೆಯಲ್ಲಿ, ಅಂದ್ರೆ ಗಿಡದ ಕೊಂಬೆಯಲ್ಲಿ, ಕೆಂಪು ಹಣ್ಣೂ ಬಿಳಿ ಹೂವೂ ಒಟ್ಟಿಗೆ ನಿಂತ್ರೆ, ಹಣ್ಣಿಗೆ ಕೈ ಹಾಕಿದ ಕೂಡಲೇ ಮುಂದಿನ ವರ್ಷದ ಫಸಲು ನೆಲಕ್ಕೆ. ಅಷ್ಟರೊಳಗೆ ತೋಟದ ಆ ಭಾಗ ಕೊಯ್ದು ಮುಗಿಸಬೇಕು. ಜನ ಸಿಕ್ಕಿಲ್ಲ, ಹುಡುಕ್ತಿದ್ದೀವಿ.

ಇನ್ನು ಮಾಗಿ. ಮಾಗಿ ಉಳುಮೆ ಅಂತ ಓದಿದಾಗ ದೊಡ್ಡಪ್ಪ ಸುಮ್ಮನಾದ್ರು. ಸ್ವಲ್ಪ ಹೊತ್ತಾದ ಮೇಲೆ, “ನಮ್ಮಪ್ಪ ಗದ್ದೆ ಕೊಯ್ಲಾದ ವಾರಕ್ಕೇ ಎತ್ತು ಕಟ್ತಿದ್ದ. ನನ್ನನ್ನ ಎತ್ತು ಎಳೆಯೋ ಹಲುಬೆ ಮೇಲೆ ಕೂರಿಸ್ತಿದ್ದ. ಕಾಲು ಮರಗಟ್ಟಿ ಹೋಗ್ತಿತ್ತು” ಅಂದ್ರು. ಎದ್ದು ಹೊರಟವರು ಮೆಟ್ಟಿಲಲ್ಲಿ ನಿಂತು, “ಮಾಗಿ ಅಂತಲೇ ಬರಿ. ಆದ್ರೆ ಬೆಂಗಳೂರಿನವರು ಹೇಳಿದ್ದನ್ನೂ ನೆನಪಿಟ್ಕೋ, ಮಳೆ ರಾತ್ರಿಗೆ ಬೇಡ. ಆಮೇಲೆ ‘ಮಾಗಿ ಚಳಿ’ ಅಲ್ಲ, ‘ಮಾಗಿಯ ಚಳಿ’. ವಿಭಕ್ತಿ ಬಿಡಬೇಡ” ಅಂದ್ರು.

ಇವತ್ತು ಬೆಳಿಗ್ಗೆ ಗುಂಪಿಗೆ ಹಾಕಿದ್ದು ಇದು: “ರಾತ್ರಿ ಮಳೆ ಇಲ್ಲ. ಆಕಾಶ ತಿಳಿಯಾಗಿದೆ, ಮಾಗಿಯ ಚಳಿ. ಬರೀ ಇಬ್ಬನಿ, ಮಂಜಿಲ್ಲ. ಎಂಟಕ್ಕೆ ಟಾರ್ಪಾಲ್ ಬಿಚ್ಚಬಹುದು.” ಎಂಟೂಕಾಲಿಗೆ ದೊಡ್ಡಪ್ಪನೇ ಬಂದು ನೆನೆದ ಮೂಲೆಯ ಹಣ್ಣನ್ನ ತೆಳ್ಳಗೆ ಹರವಿಕೊಟ್ಟು ಹೋದ್ರು.