ಕಾರಲ್ಲಿ ಸ್ಕ್ರೀನು, ಸೌಂಡು ಎರಡೂ ಒಟ್ಟಿಗೆ ಹೋಯ್ತು, ಫೈಬರ್ ಪ್ರಾಬ್ಲಮ್ ಅಂತಾರೆ, ಯಾರಿಗಾದ್ರೂ ಅನುಭವ ಇದ್ಯಾ?

ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ 2009ರ ಜರ್ಮನ್ ಸೆಡಾನ್ ನಮ್ದು. ಹೋದ ವಾರ ರಾತ್ರಿಯಿಡೀ ಮಳೆ ಹುಯ್ದ ಮಾರನೇ ದಿನದಿಂದ ಸ್ಕ್ರೀನ್ ಲೋಗೋ ತೋರ್ಸಿ ಆಫ್ ಆಗುತ್ತೆ, ಮತ್ತೆ ಆನ್ ಆಗುತ್ತೆ, ರೇಡಿಯೋ ಇಲ್ಲ, ಬ್ಲೂಟೂತ್ ಇಲ್ಲ. ಗಾಡಿ ಓಡೋದಕ್ಕೆ ಮಾತ್ರ ಏನೂ ತೊಂದ್ರೆ ಇಲ್ಲ. ಗ್ಯಾರೇಜಿನವ್ರು ಒಳಗೆ ಆಪ್ಟಿಕಲ್ ಫೈಬರ್ ಇದೆ, ಹೆಡ್ ಯೂನಿಟ್ಟೇ (ಸ್ಕ್ರೀನು, ರೇಡಿಯೋ ನಡೆಸೋ ಮುಖ್ಯ ಬಾಕ್ಸು) ಹೊಸದು ಹಾಕ್ಬೇಕು ಅಂತ 1 ಲಕ್ಷ 60 ಸಾವಿರ ಹೇಳ್ತಿದ್ದಾರೆ. ಕಾರಿಗೆ ಯಾಕ್ರೀ ಫೈಬರ್ರು?

—

ಸರ್, ಕೈ ಮುಗೀತೀನಿ, ಮೊದ್ಲೇ ಹೆಡ್ ಯೂನಿಟ್ ಬದಲಾಯಿಸ್ಬೇಡಿ. ನಾನು ಆ ತಪ್ಪು ಮಾಡಿ ದುಡ್ಡು ಕಳ್ಕೊಂಡಿದೀನಿ. ಅದು ಕಾರಿನ ಸ್ಕ್ರೀನು, ಸೌಂಡಿನ ಬಾಕ್ಸುಗಳನ್ನ ಜೋಡಿಸೋ ಮೋಸ್ಟ್ (MOST) ಅನ್ನೋ ನೆಟ್‌ವರ್ಕು (ಹೆಸರು ನೋಡಿ ನಗ್ಬೇಡಿ), 2001ರ ಬಿಎಂಡಬ್ಲ್ಯು 7 ಸೀರೀಸಲ್ಲಿ ಬಂತು, ಆಮೇಲೆ ಆಡಿ, ಮರ್ಸಿಡಿಸ್, ವೋಲ್ವೋ ಎಲ್ಲರೂ ಹಾಕಿದ್ರು. ಮನೆಗೆ ಇಂಟರ್ನೆಟ್ ತರೋ ಫೈಬರ್ ಗಾಜಿನ ಎಳೆ, ಇದು 1 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ಕು, ಒಳಗೆ ಕೆಂಪು ಎಲ್‌ಇಡಿ ಬೆಳಕು ಓಡುತ್ತೆ. ಸ್ಪೀಡು ಮೊದ್ಲು ಸೆಕೆಂಡಿಗೆ 25 ಮೆಗಾಬಿಟ್ ಇತ್ತು, ಕೊನೆಗೆ 150.

ವಿಷ್ಯ ಏನಂದ್ರೆ ಇದು ರಿಂಗು. ಸ್ಕ್ರೀನ್ ಬಾಕ್ಸು, ಟ್ಯೂನರ್ರು, ಸಿಡಿ ಚೇಂಜರ್ರು, ಆಂಪ್ಲಿಫೈಯರ್ರು ಎಲ್ಲಾ ಒಬ್ಬರಿಂದ ಒಬ್ಬರಿಗೆ ಬೆಳಕು ದಾಟಿಸ್ತಾ ಸುತ್ತು ಹಾಕ್ತಾರೆ, ಒಂದು ಸತ್ರೆ ಎಲ್ಲದೂ ಮಲಗುತ್ತೆ. ನನ್ ಗಾಡೀಲಿ ಡಿಕ್ಕಿಯ ಎಡಗಡೆ ಪ್ಯಾನೆಲ್ ಬಿಚ್ಚಿದ್ರೆ ಆಂಪ್ಲಿಫೈಯರ್ ಕೆಳಗಿನ ಸ್ಪಂಜು ಹಿಂಡಿದ್ರೆ ನೀರು ಸುರಿಯೋ ಹಾಗಿತ್ತು, ಪಿನ್ನೆಲ್ಲಾ ಹಸಿರು ಕಿಲುಬು, ಟೇಲ್ ಲೈಟ್ ರಬ್ಬರ್ ಬಿರುಕು ಬಿಟ್ಟು ಅಲ್ಲಿಂದ ಇಳಿದಿತ್ತು. ಲೂಪ್ ಪ್ಲಗ್ ಅಂತ ಸಿಗುತ್ತೆ, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ದು. ಆಂಪಿಂದ ಫೈಬರ್ ಕನೆಕ್ಟರ್ ಕಿತ್ತು ಅದಕ್ಕೆ ಸಿಕ್ಕಿಸಿದ್ರೆ ಆಂಪನ್ನ ಬಿಟ್ಟು ರಿಂಗು ಪೂರ್ತಿ ಆಗುತ್ತೆ. ಸಿಕ್ಕಿಸಿದ ತಕ್ಷಣ ಸ್ಕ್ರೀನ್ ಬಂತು! ಸೌಂಡ್ ಇಲ್ಲ ಅಷ್ಟೇ. ಇಗ್ನಿಷನ್ ಆನ್ ಮಾಡಿ ಕಿತ್ತ ಕನೆಕ್ಟರ್ ನೋಡಿದ್ರೆ ಎರಡು ಎಳೇಲಿ ಒಂದರ ತುದಿ ಕೆಂಪಗೆ ಹೊಳೀಬೇಕು, ಹೊಳೀತಿದ್ರೆ ಅದರ ಹಿಂದಿನ ಬಾಕ್ಸು ಬದುಕಿದೆ ಅಂತ.

—

ಮೇಲಿನವ್ರು ಹೇಳಿದ್ದು ಖರೇ ಐತ್ರೀ. ನಮ್ಮ ಗಾಡ್ಯಾಗ ಫೈಬರ್ ಎಳಿ ಇಲಿ ಕಡದಿತ್ತು. ಇಲ್ಲೇ ಹುಬ್ಬಳ್ಳ್ಯಾಗ ಒಬ್ಬ ಎಲೆಕ್ಟ್ರಿಷಿಯನ್ ಅದನ್ನ ತಾಮ್ರದ ವೈರ್ ಹಂಗ ತಿರುವಿ ಟೇಪ್ ಸುತ್ತಿ ಕೊಟ್ಟಿದ್ದ! ಬೆಳಕು ಹೆಂಗ ಹೋಗತೈತ್ರೀ? ಆಮೇಲೆ ಬ್ಯಾರೆಯವ್ರ ಕಡೆ ಆ ತುಂಡೇ ಬದಲಿ ಮಾಡಿಸಿದ್ವಿ. ಇನ್ನೊಂದು, ಪ್ಯಾನೆಲ್ ಹಾಕೋವಾಗ ಎಳಿ ಮಡಚಬ್ಯಾಡ್ರಿ, 25 ಮಿಲಿಮೀಟರ್ ತ್ರಿಜ್ಯಕ್ಕಿಂತ ಸಣ್ಣ ತಿರುವು ಕೊಟ್ರ ಬೆಳಕು ಹೊರಗ ಸೋರತೈತಿ.

—

ಯಾಕೆ ಫೈಬರ್ ಅಂತ ಕೇಳಿದ್ರಲ್ಲ: ಇಗ್ನಿಷನ್ನು, ಆಲ್ಟರ್ನೇಟರ್ರು ಮಾಡೋ ಎಲೆಕ್ಟ್ರಿಕಲ್ ಗಲಾಟೆ ಬೆಳಕಿಗೆ ತಟ್ಟಲ್ಲ, ಸ್ಪೀಕರಲ್ಲಿ ಗುಂಯ್ ಅನ್ನಲ್ಲ, ತೂಕನೂ ಕಮ್ಮಿ. ಆಮೇಲೆ ಒಂದೇ ಜೊತೆ ತಾಮ್ರದ ತಂತೀಲಿ ಓಡೋ ಈಥರ್ನೆಟ್ (ಕಂಪ್ಯೂಟರ್‌ಗಳನ್ನ ಜೋಡಿಸೋ ನೆಟ್‌ವರ್ಕಿನ ಕಾರಿನ ರೂಪ) ಬಂದು ಇದನ್ನ ಮೂಲೆಗೆ ತಳ್ತು. ಈಗ ಕ್ಯಾಮೆರಾ, ರೇಡಾರ್ ಡೇಟಾ ಜಾಸ್ತಿ ಆಗಿ ಮತ್ತೆ ಬೆಳಕಿನ ಕಡೆ ನೋಡ್ತಿದಾರೆ, 2023ರಲ್ಲಿ ಐಇಇಇ (ಎಂಜಿನಿಯರ್‌ಗಳ ಅಂತರರಾಷ್ಟ್ರೀಯ ಸಂಸ್ಥೆ) ಕಡೆಯಿಂದ 802.3ಸಿಜಡ್ ಅಂತ ಸ್ಟ್ಯಾಂಡರ್ಡ್ ಬಂತು, ಗಾಜಿನ ಎಳೇಲಿ ಸೆಕೆಂಡಿಗೆ 50 ಗಿಗಾಬಿಟ್‌ವರೆಗೆ. ಈ ಸಲ ರಿಂಗ್ ಅಲ್ಲ, ಪುಣ್ಯಕ್ಕೆ.

ಹಳೇ ಆಂಪ್ ತಗೊಳೋ ಮುಂಚೆ ವಿಚಾರಿಸ್ಕೊಳಿ, ಕೆಲವು ಕಾರಲ್ಲಿ ಬೇರೆ ಗಾಡೀದು ಹಾಕಿದ್ರೆ ಲಾಕ್ ಆಗುತ್ತೆ, ಕೋಡಿಂಗ್ (ಸಾಫ್ಟ್‌ವೇರಲ್ಲಿ ಆ ಕಾರಿಗೆ ಹೊಂದಿಸೋದು) ಮಾಡಿಸ್ಬೇಕು. ಮತ್ತೆ ಓದೋ ಬೇರೆಯವ್ರಿಗೆ, ಹೈಬ್ರಿಡ್ ಕಾರಲ್ಲಿ ದಪ್ಪ ಕಿತ್ತಳೆ ಕೇಬಲ್ ಕಂಡ್ರೆ ಫೈಬರ್ ಅಂದ್ಕೊಂಡು ಮುಟ್ಟಬೇಡಿ, ಅದು ಹೈ ವೋಲ್ಟೇಜು.

—

ಎಲ್ಲರಿಗೂ ಥ್ಯಾಂಕ್ಸ್. ಈಗಷ್ಟೇ ಡಿಕ್ಕಿ ಮ್ಯಾಟ್ ಎತ್ತಿ ನೋಡ್ದೆ, ಸ್ಟೆಪ್ನಿ ಗುಂಡೀಲಿ ಒಂದು ಚೊಂಬು ನೀರಿದೆ. ಲೂಪ್ ಪ್ಲಗ್ ಆರ್ಡರ್ ಹಾಕಿದೀನಿ, ಭಾನುವಾರ ಹಾಕಿ ನೋಡಿ ಹೇಳ್ತೀನಿ.