ದೊಡ್ಡಪ್ಪನ ಫಾರ್ವರ್ಡೂ ಡ್ಯೂಮಾನ ಕುದುರೆಯೂ

ದೊಡ್ಡಪ್ಪ: (ಫಾರ್ವರ್ಡ್ ಮಾಡಿದ್ದು) ನೆಪೋಲಿಯನ್ ಮುಚ್ಚಿಟ್ಟ ಕಪ್ಪು ಜನರಲ್!! ಗುಲಾಮಳ ಮಗ ಅಲೆಕ್ಸ್ ಡ್ಯೂಮಾ. ಲಾಯದ ತೊಲೆಗೆ ಜೋತುಬಿದ್ದು ಕುದುರೆಯನ್ನು ತೊಡೆಯಲ್ಲಿ ಇರುಕಿ ಎತ್ತುತ್ತಿದ್ದ! ಟಿಪ್ಪುವಿನ ಸಹಾಯಕ್ಕೆ ಶ್ರೀರಂಗಪಟ್ಟಣಕ್ಕೆ ಹೊರಟಿದ್ದ! ಅಸೂಯೆಯಿಂದ ನೆಪೋಲಿಯನ್ ಜೈಲಿಗೆ ತಳ್ಳಿದ! ಎಲ್ಲರಿಗೂ ಕಳಿಸಿ 🙏

ಚಿಕ್ಕಪ್ಪ: ಬೆಳಗ್ಗೆ ಆರು ಗಂಟೆಗೇ ಕುದುರೆ ಎತ್ತಿಬಿಟ್ಟಿರಾ? ಅಂಥ ಮನುಷ್ಯನೇ ಇರಲಿಲ್ಲ.

ಪುಟ್ಟಿ: ಇದ್ದ ಚಿಕ್ಕಪ್ಪ. ಪ್ಯಾರಿಸ್‌ನ ವಿಜಯ ಕಮಾನಿನಲ್ಲಿ ಅವನ ಹೆಸರು ಕೆತ್ತಿದ್ದಾರೆ. ಫಾರ್ವರ್ಡ್‌ನಲ್ಲಿ ಅರ್ಧ ನಿಜ, ಅರ್ಧ ಒಗ್ಗರಣೆ.

ದೊಡ್ಡಪ್ಪ: ಯಾವುದು ಒಗ್ಗರಣೆ? ಹೇಳು ನೋಡೋಣ.

ಪುಟ್ಟಿ: ಟಿಪ್ಪು ಕಥೆ. ಈಜಿಪ್ಟ್ ದಂಡಯಾತ್ರೆಗೆ ಹೋಗಿದ್ದ ನೆಪೋಲಿಯನ್ 1799ರ ಜನವರಿಯಲ್ಲಿ ಕೈರೋದಿಂದ ಟಿಪ್ಪುವಿಗೆ ಕಾಗದ ಬರೆದದ್ದು ನಿಜ. ಅದು ಬ್ರಿಟಿಷರ ಕೈಗೆ ಸಿಕ್ಕಿತು. ಅದೇ ದಂಡಯಾತ್ರೆಯಲ್ಲಿದ್ದ ಡ್ಯೂಮಾ ಹೊರಟದ್ದು ಮಾತ್ರ ಉಲ್ಟಾ ದಿಕ್ಕಿಗೆ. ಮಾರ್ಚ್‌ನಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಫ್ರಾನ್ಸಿಗೆ ಹೋಗುವ ಹಡಗು ಹತ್ತಿದ. ಹಡಗು ಸೋರತೊಡಗಿತು. ಇಟಲಿಯ ಟರಾಂಟೊ ಬಂದರು ಸೇರಿದರೆ, ಅಲ್ಲಿ ಫ್ರೆಂಚರ ವಿರುದ್ಧ ಎದ್ದಿದ್ದ ನೇಪಲ್ಸ್ ರಾಜನ ಕಡೆಯವರು ಹಿಡಿದು ಹಾಕಿದರು. ಮೇ 4ರಂದು ಟಿಪ್ಪು ಸತ್ತಾಗ ಇವನು ಕೈದಿ.

ಭಾವ: ಅದೇ ಹಡಗಿನಲ್ಲಿ ಫ್ರೆಂಚ್ ಭೂವಿಜ್ಞಾನಿ ಡೊಲೊಮ್ಯು ಕೂಡ ಇದ್ದ, ಅವನೂ ಜೈಲು ಪಾಲಾದ. ಡೋಲೊಮೈಟ್ ಕಲ್ಲಿಗೆ ಅವನದೇ ಹೆಸರು. ನಮ್ಮ ಬಾಗಲಕೋಟೆ ಕಡೆ ಸಿಗುತ್ತದಲ್ಲ, ಅದೇ.

ಚಿಕ್ಕಪ್ಪ: ಕಲ್ಲು ಆಮೇಲೆ. ಜೈಲಿಗೆ ಹಾಕಿದ್ದು ನೆಪೋಲಿಯನ್ ಅಲ್ಲ ಅಂತಾಯಿತು. ಸುಮ್ನೆ ಚರ್ಮದ ಬಣ್ಣದ ಮಾತು ತರುತ್ತಾರೆ.

ಅತ್ತೆ: ಗುಲಾಮಳ ಮಗ ಜನರಲ್ ಆಗಿದ್ದು ಹೇಗೆ? ಅದನ್ನು ಯಾರೂ ಹೇಳುತ್ತಿಲ್ಲ.

ಪುಟ್ಟಿ: ಹುಟ್ಟಿದ್ದು 1762ರಲ್ಲಿ, ಈಗಿನ ಹೈಟಿಯಲ್ಲಿ. ಅಪ್ಪ ಫ್ರೆಂಚ್ ಕುಲೀನ, ಮಾರ್ಕ್ವಿಸ್ ಬಿರುದಿನವನು. ಊರಿಗೆ ವಾಪಸ್ ಹೋಗಲು ದುಡ್ಡಿಲ್ಲದೆ ಮಗನನ್ನೇ ಅಡವಿಟ್ಟ. ಆಮೇಲೆ ಬಿಡಿಸಿಕೊಂಡು ಫ್ರಾನ್ಸಿಗೆ ಕರೆಸಿಕೊಂಡ. 1786ರಲ್ಲಿ ಹುಡುಗ ಸಾಮಾನ್ಯ ಸಿಪಾಯಿಯಾಗಿ ಸೈನ್ಯ ಸೇರಿದ. ಮನೆತನದ ಹೆಸರು ಬಿಟ್ಟು ತಾಯಿ ಮಾರಿ ಸೆಸೆಟ್‌ಳ ಡ್ಯೂಮಾ ಹೆಸರು ಬರೆಸಿದ. ಮೂರು ವರ್ಷಕ್ಕೆ ಕ್ರಾಂತಿ ಬಂತು. ಹುಟ್ಟು ನೋಡಿ ಅಧಿಕಾರ ಕೊಡುವ ಕಾಲ ಹೋಯಿತು. 1793ಕ್ಕೆ ಅವನು ಜನರಲ್. ಮರುವರ್ಷ ಆಲ್ಪ್ಸ್ ಸೈನ್ಯದ ದಂಡನಾಯಕನಾಗಿ ಹಿಮದ ಮಾಂಟ್ ಸೆನಿ ಕಣಿವೆ ಗೆದ್ದ.

ಅತ್ತೆ: ಅಡವಿಟ್ಟವನ ಹೆಸರು ಯಾಕೆ ಬೇಕು. ತಾಯಿ ಹೆಸರೇ ಸರಿ.

ಚಿಕ್ಕಪ್ಪ: ಈಜಿಪ್ಟ್‌ನಲ್ಲಿ ನೆಪೋಲಿಯನ್ ಮುಂದೆಯೇ ಜಗಳ ಆಡಿದ್ದನ್ನು ಬಿಟ್ಟೆಯಲ್ಲ! ಈ ದಂಡಯಾತ್ರೆ ದೇಶಕ್ಕೋ ನಿನಗೋ ಅಂತ ಕೇಳಿದರೆ ಯಾವ ಬಾಸ್ ಸುಮ್ಮನಿರುತ್ತಾನೆ? ಬಣ್ಣ ಎಲ್ಲಿಂದ ಬಂತು?

ಪುಟ್ಟಿ: ಅಲ್ಲಿದ್ದ ಇನ್ನೊಬ್ಬ ಜನರಲ್ ಕ್ಲೇಬರ್ ಕೂಡ ಜಗಳ ಆಡಿದ್ದ. ಅವನು ಬಿಳಿಯ. ಅವನಿಗೆ ಈಜಿಪ್ಟಿನ ಇಡೀ ಸೈನ್ಯವನ್ನೇ ಒಪ್ಪಿಸಿ ಹೋದ ನೆಪೋಲಿಯನ್.

ಚಿಕ್ಕಪ್ಪ: ಅದು ಒಪ್ಪಿಸಿದ್ದಲ್ಲ, ತಲೆಗೆ ಕಟ್ಟಿ ಓಡಿಹೋದದ್ದು.

ಪುಟ್ಟಿ: 😄 ಅದೂ ಸರಿ. ಆದರೆ ಡ್ಯೂಮಾ 1801ರಲ್ಲಿ ಹೊರಗೆ ಬಂದಾಗ ಮೈ ಹಾಳಾಗಿತ್ತು. ಬಾಕಿ ಸಂಬಳಕ್ಕೆ ಕಾಗದದ ಮೇಲೆ ಕಾಗದ ಬರೆದ. ಸಿಗಲಿಲ್ಲ. 1794ರಲ್ಲಿ ಕ್ರಾಂತಿ ಸರ್ಕಾರ ರದ್ದು ಮಾಡಿದ್ದ ಗುಲಾಮಗಿರಿಯನ್ನು 1802ರಲ್ಲಿ ನೆಪೋಲಿಯನ್ ವಾಪಸ್ ತಂದ. ಡ್ಯೂಮಾ 1806ರಲ್ಲಿ ತೀರಿಕೊಂಡ. ಹೆಂಡತಿಗೆ ಪಿಂಚಣಿಯೂ ಬರಲಿಲ್ಲ. ಅದೂ ಬರೀ ಬಾಸ್ ಜಗಳವಾ?

ಚಿಕ್ಕಪ್ಪ: ಪಿಂಚಣಿ ವಿಷಯಕ್ಕೆ ನಾನು ವಾದ ಮಾಡುವುದಿಲ್ಲ. ನಂದೇ ಇನ್ನೂ ಬಂದಿಲ್ಲ.

ದೊಡ್ಡಪ್ಪ: ಹಾಗಾದರೆ ಫಾರ್ವರ್ಡ್ ಸರಿ ಅಂತಾಯಿತು 👍

ಪುಟ್ಟಿ: ಟಿಪ್ಪು ಸುಳ್ಳು, ಜೈಲಿಗೆ ಹಾಕಿದವರು ಬೇರೆ. ಇನ್ನು ಕುದುರೆ ಎತ್ತಿದ್ದನ್ನು ಬರೆದದ್ದು ಅವನ ಮಗ, ಮಾಂಟೆ ಕ್ರಿಸ್ಟೊ ಕಾದಂಬರಿಕಾರ. ಅಪ್ಪ ಸತ್ತಾಗ ಅವನಿಗೆ ನಾಲ್ಕು ವರ್ಷವೂ ತುಂಬಿರಲಿಲ್ಲ. ಏನು ನೋಡಿರುತ್ತಾನೆ?

ಭಾವ: ಸೇತುವೆ ಕಥೆ ಮಾತ್ರ ಗಟ್ಟಿ. 1797ರಲ್ಲಿ ಆಲ್ಪ್ಸ್‌ನ ಟಿರೋಲ್ ಪ್ರಾಂತ್ಯದ ಕ್ಲೌಸೆನ್ ಸೇತುವೆಯಲ್ಲಿ ಒಬ್ಬನೇ ನಿಂತು ಆಸ್ಟ್ರಿಯಾದ ಕುದುರೆ ದಂಡನ್ನು ತಡೆದ. ಶತ್ರುಗಳೇ ಅವನನ್ನು ಕರಿ ದೆವ್ವ ಅನ್ನುತ್ತಿದ್ದರು.

ದೊಡ್ಡಪ್ಪ: ನೋಡಿದಿರಾ! ದಂಡು ಕುದುರೆಗಳನ್ನೇ ತಡೆದವನು ಒಂದು ಕುದುರೆ ಎತ್ತಲಾರನೇ? ಟಿಪ್ಪು ಸಾಲು ಬೇಕಾದರೆ ತೆಗೆಯುತ್ತೇನೆ. ಕುದುರೆ ಇರಲಿ.