ಲೆಫ್ಟ್ ಔಟರ್ ಜಾಯಿನ್ ಬಳಸಿದರೂ ಕೆಲವು ಸದಸ್ಯರ ಹೆಸರು ಬಿಟ್ಟುಹೋಗುತ್ತಿದೆ

ಪ್ರಶ್ನೆ (ಸೋಮವಾರಪೇಟೆ):
ನಮ್ಮೂರಿನ ಕಾಫಿ ಬೆಳೆಗಾರರ ಸಂಘದ ಲೆಕ್ಕವನ್ನು ದತ್ತಾಂಶ ಇಡುವ ತಂತ್ರಾಂಶವಾದ ಮೈಎಸ್‌ಕ್ಯೂಎಲ್‌ನಲ್ಲಿ ಇಡುತ್ತಿದ್ದೇನೆ. ಸದಸ್ಯರದು ಒಂದು ಟೇಬಲ್, ಅವರು ತಂದೊಪ್ಪಿಸಿದ ಕಾಫಿ ಚೀಲಗಳದು ಇನ್ನೊಂದು. ಒಂದು ಚೀಲವನ್ನೂ ತರದವರ ಹೆಸರು ಕೂಡ ಪಟ್ಟಿಯಲ್ಲಿರಲೆಂದು ಲೆಫ್ಟ್ ಔಟರ್ ಜಾಯಿನ್ (ಎಡಗಡೆಯ ಟೇಬಲ್‌ನ ಎಲ್ಲ ಸಾಲುಗಳನ್ನೂ ಉಳಿಸಿಕೊಂಡು ಎರಡು ಟೇಬಲ್ ಜೋಡಿಸುವ ಆದೇಶ) ಬರೆದು, ಸಾಲುಗಳನ್ನು ಸೋಸುವ ವೇರ್ ಭಾಗದಲ್ಲಿ ಚೀಲ ತಂದ ವರ್ಷ 2024 ಎಂಬ ಷರತ್ತು ಹಾಕಿದೆ. ಆದರೂ ಅವರ ಹೆಸರು ಬರುತ್ತಿಲ್ಲ. ತಪ್ಪೆಲ್ಲಿದೆ?

ಉತ್ತರ (ಮಡಿಕೇರಿ):
ತಮ್ಮ ಜಾಯಿನ್ ಸರಿಯಾಗಿಯೇ ಇದೆ, ತೊಂದರೆ ಇರುವುದು ವೇರ್‌ನಲ್ಲಿ. ಜೋಡಿ ಸಿಗದ ಸದಸ್ಯರ ಸಾಲಿನಲ್ಲಿ ಬಲಗಡೆಯ ಟೇಬಲ್‌ನ ಎಲ್ಲ ಕಾಲಂಗಳೂ ನಲ್ (ಮೌಲ್ಯವೇ ಇಲ್ಲ ಎಂಬ ಗುರುತು) ಆಗಿರುತ್ತವೆ. ನಲ್ ಅನ್ನು 2024ಕ್ಕೆ ಹೋಲಿಸಿದಾಗ ಸಿಗುವ ಉತ್ತರ ನಿಜವೂ ಅಲ್ಲ, ಸುಳ್ಳೂ ಅಲ್ಲ, ಅಜ್ಞಾತ. ವೇರ್ ಭಾಗವು ಷರತ್ತು ನಿಜವಾದ ಸಾಲುಗಳನ್ನು ಮಾತ್ರ ಉಳಿಸಿಕೊಳ್ಳುವುದರಿಂದ ಅವರೆಲ್ಲ ಉದುರಿಹೋಗಿ, ಇನ್ನರ್ ಜಾಯಿನ್ (ಜೋಡಿ ಸಿಕ್ಕ ಸಾಲುಗಳನ್ನಷ್ಟೇ ಕೊಡುವ ಜಾಯಿನ್) ಬರೆದಷ್ಟೇ ಫಲಿತಾಂಶ ಉಳಿಯುತ್ತದೆ. ವರ್ಷದ ಷರತ್ತನ್ನು, ಟೇಬಲ್‌ಗಳನ್ನು ಹೇಗೆ ಜೋಡಿಸಬೇಕೆಂದು ಹೇಳುವ ಆನ್ ಭಾಗಕ್ಕೆ ಸರಿಸಿ. ನಾನೂ ಇದೇ ತಪ್ಪಿನಲ್ಲಿ ಎರಡು ದಿನ ಕಳೆದಿದ್ದೇನೆ.

ಪ್ರಶ್ನೆ ಕೇಳಿದವರು:
ಹೆಸರುಗಳು ಬಂದವು, ಧನ್ಯವಾದ. ಆದರೆ ಏನೂ ತರದವರ ಮುಂದೆಯೂ ರಶೀದಿಗಳ ಸಂಖ್ಯೆ 1 ಎಂದು ತೋರಿಸುತ್ತಿದೆ.

ಉತ್ತರ (ವಿರಾಜಪೇಟೆ):
ಕೌಂಟ್‌ಗೆ (ಎಣಿಸುವ ಫಂಕ್ಷನ್) ನಕ್ಷತ್ರ ಚಿಹ್ನೆ ಕೊಟ್ಟರೆ ಅದು ನಲ್ ತುಂಬಿದ ಸಾಲನ್ನೂ ಎಣಿಸುತ್ತದೆ. ಚೀಲಗಳ ಟೇಬಲ್‌ನ ರಶೀದಿ ಸಂಖ್ಯೆಯ ಕಾಲಂ ಕೊಡಿ, 0 ಬರುತ್ತದೆ. ತೂಕದ ಮೊತ್ತಕ್ಕೆ ಮಾತ್ರ ಸಮ್ (ಕೂಡಿಸುವ ಫಂಕ್ಷನ್) ನಲ್ ಅನ್ನೇ ಹಿಂತಿರುಗಿಸುವುದರಿಂದ, ಅದನ್ನು ಕೋಯಲೆಸ್ (ನಲ್ ಬದಲು ಬೇರೆ ಮೌಲ್ಯ ಕೊಡುವ ಫಂಕ್ಷನ್) ಮೂಲಕ 0 ಮಾಡಿಕೊಳ್ಳಬೇಕು.